ಬ್ಲರ್ ಚನ್ನು ಮತ್ತು ಬಳಗಾನೂರಿನ ತೂಬು

ನಮ್ಮ ಮಸ್ಕಿ ಕಡೆ ಒಬ್ಬ ಮನುಷ್ಯನ ಫೋಟೋ ಅಂದರೆ ಅದು ಆ ಮನುಷ್ಯನ ಫೋಟೋ ಅಲ್ಲ. ಅವನ ಬೆನ್ನ ಹಿಂದೆ ಏನಿದೆ ಅನ್ನುವುದರ ಫೋಟೋ. ಟ್ರ್ಯಾಕ್ಟರ್ ಕೊಂಡವನು ಟ್ರ್ಯಾಕ್ಟರಿನ ಮುಂದೆ ನಿಲ್ಲುತ್ತಾನೆ. ಭತ್ತ ಬೆಳೆದವನು ಚೀಲಗಳ ಸಾಲಿನ ಮುಂದೆ ನಿಲ್ಲುತ್ತಾನೆ. ಮನೆ ಕಟ್ಟಿಸಿದವನಂತೂ ಕ್ಯಾಮೆರಾದವನನ್ನು ರಸ್ತೆ ದಾಟಿಸಿ, ಚರಂಡಿಯವರೆಗೂ ಹಿಂದಕ್ಕೆ ತಳ್ಳಿ, "ಮ್ಯಾಲಿನ ನೀರಿನ ಟಾಕಿ ಬರಬೇಕು ನೋಡಪಾ" ಅನ್ನುತ್ತಾನೆ. ಟಾಕಿ ಬರುವ ಹೊತ್ತಿಗೆ ಯಜಮಾನ ಬೆಂಕಿಕಡ್ಡಿಯಷ್ಟಾಗಿರುತ್ತಾನೆ. ಅದಕ್ಕೆ ಯಾರೂ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ಮುಖ ಹಳೆಯದು, ಟಾಕಿ ಹೊಸದು.

ಇಂಥ ಊರಲ್ಲಿ, ಹಿಂದಿರುವುದನ್ನೆಲ್ಲ ಅಳಿಸಿ ಹಾಕುವವನೊಬ್ಬ ಹುಟ್ಟಿಕೊಂಡ. ಅವನೇ ನಮ್ಮ ಚನ್ನು.

ನಾನು ಕರಿಬಸಪ್ಪ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿ ಎಲ್ಲ ಮಾಡುತ್ತೇನೆ. ಆದರೆ ಹೆಸರಾದದ್ದು ಮದುವೆಯ ಬಯೋಡಾಟಾದಲ್ಲಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಹೇಳಿಹೋಗಿದ್ದಾರೆ. ಅದರಲ್ಲಿ ಒಂದಷ್ಟನ್ನು ಟೈಪು ಮಾಡುವ ಪುಣ್ಯ ನನ್ನ ಪಾಲಿಗೆ ಬಂದಿದೆ. ಬಿ.ಎ. ಫೇಲಾದವನು ನನ್ನಲ್ಲಿ 'ಬಿ.ಎ. ಓದಿದ್ದಾರೆ' ಆಗುತ್ತಾನೆ. ಓದಿದ್ದು ನಿಜ ತಾನೇ? ಪಾನ್ ಡಬ್ಬಿ 'ಸ್ವಂತ ವ್ಯವಹಾರ' ಆಗುತ್ತದೆ. ಸಿಟ್ಟಿನ ಹುಡುಗ 'ನೇರ ಸ್ವಭಾವದವನು' ಆಗುತ್ತಾನೆ. ಆ ಬಯೋಡಾಟಾದ ಬಲಮೂಲೆಗೆ ಅಂಟಿಸುವ ಫೋಟೋ ಮಾತ್ರ ಪಕ್ಕದ ಸ್ಟುಡಿಯೋದ ಚನ್ನು ತೆಗೆದದ್ದು. ನಮ್ಮಿಬ್ಬರ ಅಂಗಡಿಗೆ ನಡುವೆ ಒಂದೇ ಗೋಡೆ. ಅವನು ಆ ಕಡೆ ಮಂದಿಯನ್ನು ಚೆಂದ ಮಾಡುತ್ತಿದ್ದ, ನಾನು ಈ ಕಡೆ ಅವರನ್ನು ದೊಡ್ಡವರನ್ನಾಗಿ ಮಾಡುತ್ತಿದ್ದೆ.

ಚನ್ನು ಮೂವತ್ತು ದಾಟಿದವನು. ಬಡಕಲು ಮೈ, ಕ್ಯಾಮೆರಾಕ್ಕೆ ಇಟ್ಟು ಇಟ್ಟು ಒಂದು ಕಣ್ಣು ಕಿರಿದಾಗಿದೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದಾರೆ. ಹೊಲ ಇಲ್ಲ, ಮನೆ ಬಾಡಿಗೆಯದು. ಮಾತಿನಲ್ಲಿ ಬಲು ಕಂಜೂಸ್. ಅವನು ಸಲೀಸಾಗಿ ಆಡುತ್ತಿದ್ದ ಮಾತು ಒಂದೇ: "ಗದ್ದ ಸ್ವಲ್ಪ ಮ್ಯಾಲ." ಅದನ್ನು ಅವನು ಶಾಸಕರಿಗೂ ಹೇಳುತ್ತಿದ್ದ, ಹಾಲು ಕುಡಿಯುವ ಕೂಸಿಗೂ ಹೇಳುತ್ತಿದ್ದ. ಉಳಿದ ಮಾತುಗಳು ಎಲ್ಲಿ ಹೋದವು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅವನಿಗೆ ಬ್ಲರಿನ ಹುಚ್ಚು ಹತ್ತಿದ್ದು ಒಂದು ದೀಪಾವಳಿಯಲ್ಲಿ. ಎದುರಿಗೆ ಹಾಜಿರಾಬೀ ಅವರ ಬಳೆ ಅಂಗಡಿ. ಹಬ್ಬ ಯಾರದಾದರೇನು, ಬಳೆ ಇಡಿಸಿಕೊಳ್ಳಲು ಹೆಂಗಸರು ಬರುತ್ತಾರೆ ಅಂತ ಆಕೆ ಅಂಗಡಿಗೆ ಲೈಟಿನ ಸರ ಬಿಡಿಸುತ್ತಿದ್ದರು. ಆ ಸಂಜೆ ಚನ್ನು ಲಿಂಗಸೂಗೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡು ತಂದ ಉದ್ದ ಲೆನ್ಸನ್ನು ಪರೀಕ್ಷೆ ಮಾಡಲು, ಹಾಜಿರಾಬೀ ಅವರ ಮೊಮ್ಮಗಳನ್ನು ನಮ್ಮ ಕಟ್ಟೆಯ ಮೇಲೆ ಹತ್ತಿರ ನಿಲ್ಲಿಸಿ, ಲೆನ್ಸಿನ ಬಾಯಿ ಪೂರಾ ತೆರೆದು ಕ್ಲಿಕ್ ಮಾಡಿದ. ಮಗುವಿನ ರೆಪ್ಪೆಯ ಕೂದಲು ಕೂಡ ಎಣಿಸುವಷ್ಟು ಚೊಕ್ಕ ಬಂತು. ಹಿಂದೆ ಇದ್ದ ಇಡೀ ಬಜಾರು ಮಾಯ. ಚರಂಡಿ ಇಲ್ಲ, ವೈರಿನ ಗೋಜಲು ಇಲ್ಲ, ಪುಢಾರಿಗಳ ಕಟೌಟು ಇಲ್ಲ. ಬಲ್ಬುಗಳೆಲ್ಲ ಕರಗಿ, ಉಬ್ಬಿ, ಕೆಂಪು ಹಳದಿ ಹಸಿರು ಗುಂಡುಗಳಾಗಿ, ದೊಡ್ಡ ಪರಾತದಲ್ಲಿ ಬುಂದಿಕಾಳು ಹರವಿದ ಹಾಗೆ ತೇಲುತ್ತಿದ್ದವು.

"ಅಣ್ಣಾ, ಮಸ್ಕಿ ಇಷ್ಟು ಛಂದ ಐತಿ ಅಂತ ಗೊತ್ತಿರಲಿಲ್ಲ ನೋಡು" ಅಂದ. "ಕಾಣಲಾರದ್ದಕ್ಕ ಛಂದ ಐತಲೇ" ಅಂದೆ ನಾನು.

ಅಲ್ಲಿಂದ ಮುಂದೆ ಯಾವ ಹಬ್ಬವೂ ಅವನಿಗೆ ಬೇರೆಯವರದಾಗಲಿಲ್ಲ. ಗಣಪತಿ, ಈದ್, ದಸರಾ, ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿ. ಎಲ್ಲಿ ಲೈಟಿನ ಸರ ಇಳಿಬಿದ್ದಿತೋ ಅಲ್ಲಿ ಚನ್ನು. ಬಲ್ಬಿಗೆ ಜಾತಿ ಇಲ್ಲ ಅನ್ನುವುದನ್ನು ಅವನು ಕೆಲಸದಿಂದ ಕಂಡುಕೊಂಡಿದ್ದ. ಅದನ್ನೇ ವೇದಿಕೆ ಮೇಲೆ ಭಾಷಣದಲ್ಲಿ ಹೇಳುವವರು ಮಾತ್ರ, ತಮ್ಮ ಹಿಂದಿನ ಬ್ಯಾನರು ಮಸುಕಾಗಿದೆ ಅಂತ ಅವನಿಗೆ ಬೈಯುತ್ತಿದ್ದರು. ಮುಂದೆ ಮುಂದೆ ಕಪ್ಪು ಕಾಗದದಲ್ಲಿ ಸಣ್ಣ ತೂತು ಕತ್ತರಿಸಿ ಲೆನ್ಸಿಗೆ ಮುಚ್ಚುವುದನ್ನು ಕಲಿತ. ತೂತು ಯಾವ ಆಕಾರವೋ, ಹಿಂದಿನ ಲೈಟೆಲ್ಲ ಅದೇ ಆಕಾರ. ಎಲೆ ಕತ್ತರಿಸಿದರೆ ಬೆಳಕಿನ ಎಲೆ, ಚುಕ್ಕಿ ಕತ್ತರಿಸಿದರೆ ಬೆಳಕಿನ ಚುಕ್ಕಿ. ಒಬ್ಬ ಪುಢಾರಿ ಬಂದು, ಪ್ರತಿ ಲೈಟಿನಲ್ಲೂ ತನ್ನ ಮುಖ ಬರುವಂತೆ ಕತ್ತರಿಸು ಅಂದ. ಇಷ್ಟು ಸಣ್ಣ ತೂತಿನಾಗ ಮೂಗು ಕೂಡಂಗಿಲ್ಲ ರೀ ಅಂತ ಚನ್ನು ಕೈಮುಗಿದ.

ಬೇಗನೆ ಹೆಣ್ಣು ಹೆತ್ತವರು ಈ ಕಲೆಯ ಮರ್ಮ ಹಿಡಿದರು. ಬ್ಲರಿನಲ್ಲಿ ಗೋಡೆಯ ಬಿರುಕಿಲ್ಲ, ತಗಡಿನ ಮಾಡಿಲ್ಲ, ಬಾಗಿಲಲ್ಲಿ ಕುಡಿದು ಮಲಗಿದ ಚಿಕ್ಕಪ್ಪನಿಲ್ಲ. ಮಗಳು ಮತ್ತು ಬೆಳಕು, ಅಷ್ಟೇ. ಸಿಂಧನೂರಿನಿಂದ, ಲಿಂಗಸೂಗೂರಿನಿಂದ ಕೂಡ ಬರಹತ್ತಿದರು. ಹುಡುಗಿಯರ ಮದುವೆಗಳು ಕೂಡಿ ಬಂದವು. ಊರು ಅವನನ್ನು ಬ್ಲರ್ ಚನ್ನು ಅಂತ ಕರೆಯಿತು. ಊರ ಹೆಣ್ಣುಗಳಿಗೆಲ್ಲ ಗಂಡು ಕೂಡಿಸಿದವನು ತಾನು ಮಾತ್ರ ಒಬ್ಬನೇ ಉಪ್ಪಿಟ್ಟು ತಿರುವಿಕೊಂಡು ತಿನ್ನುತ್ತಿದ್ದ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಎಲ್ಲರೂ ಮೆಚ್ಚಿದರು ಅಂತಲ್ಲ. ಸಿಂಧನೂರಿನ ಅಮರಗುಂಡಪ್ಪನವರು, ಅಕ್ಕಿ ಗಿರಣಿಯ ಸಾವುಕಾರರು, ಹೊಸ ಮನೆಯ ಗೃಹಪ್ರವೇಶಕ್ಕೆ ಚನ್ನುವನ್ನು ಕರೆಸಿದ್ದರು. ಮನೆ ಮೂರು ಅಂತಸ್ತು, ಒಂದೊಂದು ಅಂತಸ್ತಿಗೂ ಒಂದೊಂದು ಬಣ್ಣದ ಲೈಟು. ಚನ್ನು ಗಂಡ ಹೆಂಡತಿಯನ್ನು ಅಂಗಳದಲ್ಲಿ ಕೂರಿಸಿ ಫೋಟೋ ತೆಗೆದ. ಮುಖಗಳು ದೇವರ ಹಾಗೆ ಬಂದಿದ್ದವು. ಮನೆ ಪೂರಾ ಬುಂದಿ.

"ಲೇ ಫೋಟೋದವನ! ಮನಿ ಎಲ್ಲಿ ಹೋತಲೇ?"

"ಲೈಟು ಅದಾವಲ್ರೀ ಸಾವುಕಾರ್ರ..."

"ನಮ್ಮ ಮಾರಿ ನಾವು ಕನ್ನಡಿಯಾಗ ನೋಡಿಲ್ಲೇನು, ಅದನ್ನ ನೋಡಾಕ ನಿನ್ನ ಕರಸೀವೇನು? ಮನಿ ಕಾಣಲಿ ಅಂತ ಕರಸೀವಿ. ನಾ ಕಟ್ಟಿಸಿದ್ದನ್ನ ನೀ ತೊಳದು ಹಾಕಿಯಲ್ಲೋ!"

ಮತ್ತೆ ಎಲ್ಲವನ್ನೂ ಚೊಕ್ಕವಾಗಿ, ಟಾಕಿ ಸಮೇತ ತೆಗೆದು ಕೊಡಬೇಕಾಯಿತು. ಅಂದಿನಿಂದ ಸಾವುಕಾರರದು ಒಂದೇ ಸಿದ್ಧಾಂತ: ಮಸುಕಾದ ಫೋಟೋ ಅಂದರೆ ಮೋಸ, ಚೊಕ್ಕ ಫೋಟೋ ಅಂದರೆ ಸತ್ಯ. ಈ ಸಿದ್ಧಾಂತ ಮುಂದೆ ಅವರನ್ನು ಬಳಗಾನೂರಿನ ಬಿಸಿಲಿಗೆ ತಂದು ನಿಲ್ಲಿಸಿತು.

ಬಳಗಾನೂರು ಅಂದರೆ ಭಾಗ್ಯಶ್ರೀಯ ಊರು. ಮಸ್ಕಿಯ ಹೈಸ್ಕೂಲಿನಲ್ಲಿ ಆಕೆ ಅತಿಥಿ ಶಿಕ್ಷಕಿ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಾಳೆ. ಒಬ್ಬಳೇ ಮಗಳು. ಅವರವ್ವ ಪಂಪಮ್ಮ ಮೊದಲ ಸಲ ಆಕೆಯನ್ನು ಬಯೋಡಾಟಾ ಮಾಡಿಸಲು ಕರೆತಂದದ್ದು ಕೂಡ ದೀಪಾವಳಿಯ ಆಸುಪಾಸಿನಲ್ಲಿ. ಚನ್ನು ಆಕೆಯನ್ನು ಕಟ್ಟೆ ಮೇಲೆ ನಿಲ್ಲಿಸಿದ, ಗದ್ದ ಸ್ವಲ್ಪ ಮ್ಯಾಲ ಅಂದ, ತೆಗೆದ. ಫೋಟೋ ನೋಡಿ ನಾನು ಕೂಡ ಬಯೋಡಾಟಾದಲ್ಲಿ ಸುಳ್ಳು ಸೇರಿಸುವುದನ್ನು ಕಡಿಮೆ ಮಾಡಿದೆ. ಬೇಕಾಗಿರಲಿಲ್ಲ.

ವರಗಳು ಬಂದವು. ಲಿಂಗಸೂಗೂರಿನಿಂದ ಬಂದ ಹುಡುಗ ಮಾತಿನ ನಡುನಡುವೆ ಫೋನಿನಲ್ಲಿ ತನ್ನದೇ ಮುಖ ನೋಡಿಕೊಳ್ಳುತ್ತಿದ್ದನಂತೆ. ಆಕೆ ಒಲ್ಲೆ ಅಂದಳು. ಇನ್ನೊಬ್ಬನ ತಾಯಿ, ಫೋಟೋದಲ್ಲಿದ್ದ ಲೈಟು ಎಲ್ಲಿ ಅಂತ ಮನೆಯ ಮೂಲೆ ಮೂಲೆ ಹುಡುಕಿ, ಸಿಗದೆ, ತಾವೇ ಎದ್ದುಹೋದರು. ಭಾಗ್ಯಶ್ರೀ ಮರಳಿ ಸ್ಟುಡಿಯೋಕ್ಕೆ ಬಂದಳು.

"ಈ ಫೋಟೋ ಸರಿ ಇಲ್ಲ ರೀ. ಇದನ್ನ ನೋಡಿ ಬರೋರು ಸರಿ ಇರಂಗಿಲ್ಲ."

"ಲೈಟು ಹೆಚ್ಚಾಗ್ಯಾವೇನ್ರೀ?"

"ಲೈಟು ಬರೋಬ್ಬರಿ ಅದಾವ."

"ಹಂಗಾರ ಏನು ಕಮ್ಮಿ ಆಗೈತ್ರೀ?"

"ಇನ್ನೊಮ್ಮೆ ತಗೀರಿ. ನಿಮಗ ಗೊತ್ತಾಗತೈತಿ."

ಅವನಿಗೆ ಗೊತ್ತಾಗಲಿಲ್ಲ. ಗಣಪತಿಗೆ ತೆಗೆದ, ಮತ್ತೆ ದೀಪಾವಳಿಗೆ ತೆಗೆದ, ಹೊಸ ವರ್ಷಕ್ಕೆ ಚರ್ಚಿನ ಮುಂದೆ ತೆಗೆದ. ಪ್ರತಿ ಸಲ ಆಕೆ ನೋಡಿ, ನಕ್ಕು, ಸರಿ ಇಲ್ಲ ಅನ್ನುತ್ತಿದ್ದಳು. ಅವನು ಊಟ ಬಿಟ್ಟು ಬಲ್ಬಿನ ಅಂತರ ಬದಲಿಸುತ್ತಿದ್ದ, ಕಾಗದದ ತೂತು ಬದಲಿಸುತ್ತಿದ್ದ. ಬೇರೆ ಹುಡುಗಿಯರಿಗೆ ಒಂದು ಫೋಟೋ, ಆಕೆಗೆ ಒಂದು ಕಂಪ್ಯೂಟರಿನ ಅರ್ಧ ಹೊಟ್ಟೆ ತುಂಬುವಷ್ಟು. ಬೀದಿಗೆಲ್ಲ ತಿಳಿದಿತ್ತು. ಮೆಣಸಿನಕಾಯಿ ಬಜ್ಜಿಯವನಿಗೆ ತಿಳಿದಿತ್ತು. ಬಳಗಾನೂರು ಬಸ್ಸಿನ ಕಂಡಕ್ಟರನಿಗೆ ತಿಳಿದಿತ್ತು. ಆಕೆ ಬರುವುದು ತಡವಾದರೆ ಸ್ಟುಡಿಯೋದ ಕಡೆ ನೋಡಿ ಸೀಟಿ ಊದುತ್ತಿದ್ದ.

ಕಡೆಗೆ ಹಾಜಿರಾಬೀ ಒಂದು ದಿನ ರಸ್ತೆ ದಾಟಿ ಬಂದು ಅವನ ಎದುರಿಗೆ ನಿಂತರು.

"ಯಾ ಅಲ್ಲಾ! ಬೇಟಾ ಚನ್ನು, ನಿನ್ನ ಕ್ಯಾಮೆರಾಕ್ಕರ ಕಣ್ಣೈತಿ, ನಿನಗ ಇಲ್ಲ. ಆ ಪೋರಿ ಫೋಟೋಕ್ಕ ಬರ್ತಾಳಂತ ಮಾಡೀಯೇನು?"

"ಮತ್ಯಾದಕ್ಕ ಬರ್ತಾರ, ಖಾಲಾ?"

ಹಾಜಿರಾಬೀ ನನ್ನ ಕಡೆ ತಿರುಗಿ, "ಕರಿಬಸಣ್ಣ, ಈ ನಾದಾನಗ ನೀನ ಹೇಳಪ್ಪ, ನನ್ನ ಕೈಲಿ ಆಗಂಗಿಲ್ಲ" ಅಂತ ಹೊರಟೇಹೋದರು. ನಾನು ಹೇಳಿದೆ. ಅವನು ಕೇಳಿ, ಬೆಪ್ಪನಂತೆ ಸ್ಟೂಲಿನ ಮೇಲೆ ಕುಳಿತ. ಆಮೇಲೆ ಕಂಪ್ಯೂಟರು ಹಚ್ಚಿ ಆಕೆಯ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡಿದ. ಅಷ್ಟು ದಿನ ಲೈಟು ನೋಡಿದ್ದ, ಅಂದು ಮುಖ ನೋಡಿದ. ಪ್ರತಿ ಫೋಟೋದಲ್ಲೂ ಆಕೆ ಕ್ಯಾಮೆರಾ ನೋಡುತ್ತಿರಲಿಲ್ಲ; ಕ್ಯಾಮೆರಾದ ಸ್ವಲ್ಪ ಮೇಲೆ, ಅವನ ಕಡೆ ನೋಡುತ್ತಿದ್ದಳು. ಅವನ ಕಣ್ಣಲ್ಲಿ ನೀರು ಬಂತು. ನನಗೂ ಎದೆ ತುಂಬಿಬಂತು, ಸುಳ್ಳು ಯಾಕೆ ಹೇಳಲಿ.

ಇಷ್ಟಾದ ಮೇಲೆ ಯಾವ ಗಂಡಸಾದರೂ ಏನು ಮಾಡುತ್ತಿದ್ದ? ಹೋಗಿ ಕೇಳುತ್ತಿದ್ದ. ಇಬ್ಬರ ಮನೆಯವರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು, ಅಡ್ಡಿ ಹೇಳುವ ಜಾತಿಯೂ ಇರಲಿಲ್ಲ. "ಹೋಗಿ ಕೇಳಲೇ" ಅಂದೆ. "ನನಗೇನೈತಂತ ಕೇಳಲಿ ಅಣ್ಣ? ಹೊಲ ಇಲ್ಲ, ಮನಿ ಇಲ್ಲ" ಅಂದ. ಬಾಯಿ ಬಿಡುವ ಬದಲು ಉಪಾಯ ಹೂಡಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಚೆಂದದ ಫೋಟೋಕ್ಕೆ ವರ ಬರುತ್ತವಲ್ಲ, ಹಾಗಾದರೆ ಒಂದು ಕೆಟ್ಟ ಫೋಟೋ ತೆಗೆದರಾಯಿತು. ಬರುವವರು ನಿಲ್ಲುತ್ತಾರೆ, ಪಂಪಮ್ಮ ಸೋಲುತ್ತಾಳೆ, ಆಗ ಕೇಳಿದರಾಯಿತು. ಇದು ಅವನ ಲೆಕ್ಕ.

ಪಂಪಮ್ಮ ಮುಂದಿನ ಸಲ ಬಂದಾಗ ಅವನೇ ಅಂದ: "ಈ ಸಲ ನಿಮ್ಮ ಊರಾಗ, ನಿಮ್ಮ ಮನಿ ಅಂಗಳದಾಗ, ಹಗಲಹೊತ್ತ ತಗಿಯೂಣ್ರಿ. ಲೈಟು ಬ್ಯಾಡ, ಬ್ಲರ್ ಬ್ಯಾಡ. ಇದ್ದದ್ದು ಇದ್ದಂಗ." ಪಂಪಮ್ಮನಿಗೆ ಸಂತೋಷ. ಭಾಗ್ಯಶ್ರೀ ಮಾತ್ರ ಅವನನ್ನು ಒಂಥರಾ ನೋಡಿದಳು.

ಚನ್ನು ಹೋಗಿ ನಡುಮಧ್ಯಾಹ್ನದ ಬಿಸಿಲಲ್ಲಿ ಅಂಗಳದ ತುದಿಯಲ್ಲಿ ಆಕೆಯನ್ನು ನಿಲ್ಲಿಸಿದ. ಲೆನ್ಸಿನ ಬಾಯಿಯನ್ನು ಎಷ್ಟು ಸಣ್ಣದು ಮಾಡಲು ಬರುತ್ತದೋ ಅಷ್ಟು ಸಣ್ಣದು ಮಾಡಿ, ಸಗಣಿ ಕುಳ್ಳಿನ ರಾಶಿ, ಎಮ್ಮೆ, ಒಣಹಾಕಿದ ಅಪ್ಪನ ಧೋತರ, ತಿಪ್ಪೆ, ಅದರಾಚೆ ದೂರದಲ್ಲಿ ಹರಿಯುವ ಕಾಲುವೆ ಎಲ್ಲ ಚೊಕ್ಕ ಬರುವಂತೆ ತೆಗೆದ. ಬಿಸಿಲಿಗೆ ಆಕೆಯ ಕಣ್ಣು ಚಿಕ್ಕವಾಗಿದ್ದವು. ಮುಖಕ್ಕಿಂತ ಎಮ್ಮೆಯೇ ಚೆನ್ನಾಗಿ ಬಂದಿತ್ತು. ಇಷ್ಟು ಕೆಟ್ಟ ಫೋಟೋವನ್ನು ಅವನು ಜೀವಮಾನದಲ್ಲಿ ತೆಗೆದಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ಗೆದ್ದವನಂತೆ ನಕ್ಕ. ನಾನು ಬಯೋಡಾಟಾಕ್ಕೆ ಅಂಟಿಸಿ, ರೂಢಿಯಂತೆ 'ಕಾಲುವೆಯ ಪಕ್ಕದಲ್ಲಿ ಹೊಲ' ಅಂತ ಸೇರಿಸಿ, ವಧೂವರರ ವಾಟ್ಸಾಪ್ ಗುಂಪಿಗೆ ಬಿಟ್ಟೆ.

ಆ ಗುಂಪಿನಲ್ಲಿ ಅಮರಗುಂಡಪ್ಪನವರಿದ್ದರು. ಮಗನಿಗೆ ಹೆಣ್ಣು ನೋಡುತ್ತಿದ್ದರು. ನಮ್ಮ ಕಾಲುವೆ ಸೀಮೆಯ ಹಿರಿಯರು ಹೆಣ್ಣಿನ ಫೋಟೋ ಹೇಗೆ ನೋಡುತ್ತಾರೆ ಅನ್ನುವುದನ್ನು ಚನ್ನು ಮರೆತಿದ್ದ. ಸಾವುಕಾರರು ಎರಡು ಬೆರಳಿಟ್ಟು ಫೋಟೋವನ್ನು ಹಿಗ್ಗಿಸಿದರು. ಹುಡುಗಿಯ ಮುಖ ಪರದೆಯಿಂದ ಆಚೆ ಹೋಯಿತು, ಎಮ್ಮೆ ಹೋಯಿತು, ಧೋತರ ಹೋಯಿತು. ಕಾಲುವೆ ಬಂತು. ಕಾಲುವೆಯ ಏರಿಯಲ್ಲಿ ಹೊಲಕ್ಕೆ ನೀರು ಬಿಡುವ ಸಿಮೆಂಟಿನ ತೂಬು ಬಂತು. ಉದ್ದ ಲೆನ್ಸು ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತದೆ. ತೂಬು ಹುಡುಗಿಯ ಭುಜಕ್ಕೆ ಅಂಟಿದಂತಿತ್ತು.

"ಮನಿ ಬಾಗಿಲದಾಗ ತೂಬು!" ಅಂತ ಸಾವುಕಾರರು ಎದ್ದು ನಿಂತರಂತೆ. ಕಾಲುವೆಯ ಕೊನೆ ಭಾಗದ ರೈತರು ನೀರು ಮುಟ್ಟಲಿಲ್ಲ ಅಂತ ವರ್ಷ ವರ್ಷ ರಸ್ತೆಯಲ್ಲಿ ಕೂರುವ ಸೀಮೆ ಇದು. ಇಲ್ಲಿ ಬಾಗಿಲಲ್ಲೇ ತೂಬು ಇದ್ದವನು ಭಾಗ್ಯವಂತ. ಅಂಥವನಿಗೆ ಒಬ್ಬಳೇ ಮಗಳು! ಪಹಣಿ ತೆಗೆಸಿ ನೋಡಬಹುದಿತ್ತು. ಆದರೆ ಫೋಟೋ ಚೊಕ್ಕ ಇತ್ತಲ್ಲ, ಚೊಕ್ಕ ಅಂದರೆ ಸತ್ಯ. ಮರುದಿನವೇ ನನ್ನ ಅಂಗಡಿಗೆ ಫೋನು ಬಂತು. ಮನೆ ನೋಡಲು ಬರುತ್ತೇವೆ, ಒಪ್ಪಿದರೆ ಅಂದೇ ಮಾತು ಮುಗಿಸುತ್ತೇವೆ, ಫೋಟೋದವನನ್ನೂ ಕರೆದುಕೊಂಡು ಬಾ ಅಂದರು. ಪಂಪಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಿರಣಿ ಸಾವುಕಾರರ ಸಂಬಂಧ ಅಂದರೆ ಹುಡುಗಾಟವೇ?

ಚನ್ನು ಈ ಸುದ್ದಿ ಕೇಳಿ ಬೆಳ್ಳಗಾದ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಭಾಗ್ಯಶ್ರೀ ಒಬ್ಬಳೇ ಬಂದಳು. ಈ ಸಲ ನಗಲಿಲ್ಲ. ಫೋನಿನಲ್ಲಿ ಆ ಫೋಟೋ ತೆಗೆದು ಅವನ ಮುಂದೆ ಹಿಡಿದಳು.

"ಇಲ್ಲೀತನಕ ನೀವು ತಗದ ಫೋಟೋದಾಗೆಲ್ಲ ನಾ ಇದ್ದೆ. ಇದರಾಗ ಎಲ್ಲಿ ಅದೀನ್ರೀ? ಎಮ್ಮಿ ಐತಿ, ತಿಪ್ಪಿ ಐತಿ, ಕೆನಾಲ ಐತಿ. ನಾ ಎಲ್ಲಿ?"

ಅವನು ಬಾಯಿ ತೆರೆದ. ಗೋಡೆಯ ಈ ಕಡೆ ನಾನು ಮೌಸು ಬಿಟ್ಟು ಕಿವಿಗೊಟ್ಟು ಕುಳಿತಿದ್ದೆ, ಹೇಳಲೇ ಹೇಳಲೇ ಅಂತ ಮನಸ್ಸಿನಲ್ಲೇ ಅನ್ನುತ್ತ. ಅವನ ಬಾಯಿಂದ ಬಂದದ್ದು: "ಬ್ಯಾರೆ ತಗದು ಕೊಡ್ಲೇನ್ರೀ?"

"ಬ್ಯಾಡ್ರೀ. ಇನ್ನ ಯಾರ ಹಬ್ಬಕ್ಕೂ ನಾ ಬರಂಗಿಲ್ಲ" ಅಂದಳು ಆಕೆ. ಬಳಗಾನೂರು ಬಸ್ಸು ಸೀಟಿ ಊದದೆ ಹೋಯಿತು. ಅವತ್ತು ನಾನು ಚನ್ನುವಿಗೆ ಬೈದಷ್ಟು ನನ್ನ ಮಕ್ಕಳಿಗೂ ಬೈದಿಲ್ಲ.

ಮನೆ ನೋಡುವ ದಿನ ಬಂತು. ಸಾವುಕಾರರು ಎರಡು ಕಾರಿನಲ್ಲಿ ಮಂದಿ ಕಟ್ಟಿಕೊಂಡು ಬಂದಿದ್ದರು. ನಾನೂ ಚನ್ನುವೂ ಮೊದಲೇ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದೆವು. ಅವನು ಕ್ಯಾಮೆರಾವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದ. ಪಂಪಮ್ಮ ಹಿತ್ತಾಳೆಯ ತಟ್ಟೆಗಳಲ್ಲಿ ಶಿರಾ, ಉಪ್ಪಿಟ್ಟು, ಬಾಳೆಹಣ್ಣು ತಂದಿಟ್ಟಳು. ಭಾಗ್ಯಶ್ರೀಯನ್ನು ಹಸಿರು ಸೀರೆ ಉಡಿಸಿ ಚಾಪೆಯ ಮೇಲೆ ಕೂರಿಸಿದ್ದರು. ಸಾವುಕಾರರು ಆಕೆಯ ಕಡೆ ಒಂದು ಸಲ ನೋಡಿ, ಹೂಂ ಅಂದು, ಶಿರಾದ ತಟ್ಟೆ ದಾಟಿ, ಎಮ್ಮೆ ದಾಟಿ ನೇರವಾಗಿ ಕಾಲುವೆಯ ಕಡೆ ನಡೆದರು. ಅವರ ಹಿಂದೆ ಬೀಗರಾಗಬೇಕಾದವರ ದಂಡು, ದಂಡಿನ ಹಿಂದೆ ನಾವು.

ಫೋಟೋದಲ್ಲಿ ಭುಜಕ್ಕೆ ಅಂಟಿದ್ದ ಕಾಲುವೆ ನಡೆಯುತ್ತ ಹೋದರೆ ಬರುವುದೇ ಇಲ್ಲ. ಸಾವುಕಾರರ ಅಂಗಿ ಬೆವರಿಗೆ ಒದ್ದೆಯಾಯಿತು. ಕಡೆಗೆ ಏರಿ ಹತ್ತಿ ನಿಂತರು. ತೂಬಿನ ಬಾಯಿ ಆಚೆ ದಂಡೆಗಿತ್ತು. ನೀರು ಗುಳುಗುಳು ಅಂತ ಆಚೆಯ ಇಳಿಜಾರಿನಲ್ಲಿದ್ದ ಯಾರದೋ ಭತ್ತದ ಗದ್ದೆಗೆ ಇಳಿಯುತ್ತಿತ್ತು. ಈಚೆ, ಏರು ಭೂಮಿಯಲ್ಲಿ, ಭಾಗ್ಯಶ್ರೀಯ ಅಪ್ಪನ ಹೊಲದಲ್ಲಿ, ಮೊಣಕಾಲೆತ್ತರದ ಬಿಳಿಜೋಳ ಬಾಡಿಕೊಂಡು ನಿಂತಿತ್ತು. ಕಾಲುವೆ ಅವರ ಹೊಲದ ಪಕ್ಕದಲ್ಲೇ ಹೋಗುತ್ತದೆ, ಅದು ನಿಜ. ನೀರು ಮೇಲಕ್ಕೆ ಹತ್ತುವುದಿಲ್ಲ, ಅದೂ ನಿಜ. ಎರಡನೆಯದನ್ನು ನಾನು ಟೈಪು ಮಾಡಿರಲಿಲ್ಲ.

"ಯಜಮಾನ್ರ, ಪಂಪ್‌ಸೆಟ್ಟರ ಹಚ್ಚೀರೇನು?" ಸಾವುಕಾರರು ಕಡೆಯ ಆಸೆಯಿಂದ ಕೇಳಿದರು.

"ಛೇ ಛೇ, ಹಚ್ಚಂಗಿಲ್ರೀ. ಕೆಳಗಿನವರ ನೀರದು, ಕಳವು ಮಾಡಿದಂಗ ಆಗತೈತಿ" ಅಂದ ಭಾಗ್ಯಶ್ರೀಯ ಅಪ್ಪ.

ಸಂಬಂಧ ಮುರಿದದ್ದು ಈ ಮಾತಿಗೆ. ನೀರಿಲ್ಲದ ಹೊಲವನ್ನಾದರೂ ಸಹಿಸಬಹುದು, ಎದುರಿಗೆ ಹರಿಯುವ ನೀರನ್ನು ಕದಿಯದ ಬೀಗನನ್ನು ಹೇಗೆ ಸಹಿಸುವುದು? ಸಾವುಕಾರರು ಏರಿ ಇಳಿದು ಬಂದವರೇ ಚನ್ನುವಿನ ಮೇಲೆ ಹರಿಹಾಯ್ದರು.

"ಲೇ ಫೋಟೋದವನ, ಬ್ಲರ್ ಮಾಡಿ ನನ್ನ ಮನಿ ಮುಚ್ಚಿಟ್ಟಿ. ಈಗ ಬ್ಲರ್ ತಗದು ಇವರ ಹೊಲಕ್ಕ ನೀರು ಬಿಟ್ಟಿ. ನಿನ್ನಂಥ ಕಳ್ಳನ್ನ ನಾ ಸಿಂಧನೂರಾಗ ಹುಡುಕಿದ್ರೂ ಕಂಡಿಲ್ಲಲೇ!"

ಕಾರುಗಳು ಧೂಳೆಬ್ಬಿಸಿ ಹೋದವು. ಹುಡುಗನ ಸೋದರಮಾವನೊಬ್ಬ ಮಾತ್ರ ತಟ್ಟೆಯಲ್ಲಿದ್ದ ಶಿರಾ ಮುಗಿಸಿಯೇ ಎದ್ದ. ಆಸುಪಾಸಿನ ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ಪಂಪಮ್ಮ ಅಂಗಳದ ನಡುವೆ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಚನ್ನುವಿನ ಕಡೆ ಕೈ ಚಾಚಿದಳು.

"ನಿನಗ ನಾವೇನು ಅನ್ಯಾಯ ಮಾಡಿದ್ವೋ ತಮ್ಮಾ? ಲೈಟಿನ ಫೋಟೋದಾಗರ ನನ್ನ ಮಗಳು ಲಕ್ಷ್ಮೀ ಕಂಡಂಗ ಕಾಣತಿದ್ಲು. ನಾಕು ಮಂದಿ ಮುಂದ ಸಂಬಂಧ ಮುರಕೊಂಡು ಹ್ವಾದ್ರು. ಇನ್ನ ಇಕಿನ್ನ ಯಾರು ಮಾಡ್ಕೊಂತಾರೋ?"

ಚನ್ನು ಕ್ಯಾಮೆರಾದ ಪರದೆ ನೋಡುತ್ತ ತಲೆ ತಗ್ಗಿಸಿ ನಿಂತಿದ್ದ. ಅವನ ತುಟಿ ಅಲುಗಿತು. "ನಾ..." ಅಂದ. ನನಗೆ ತಡೆಯಲಿಲ್ಲ, ಅವನ ಬೆನ್ನಿಗೆ ಗುದ್ದಿದೆ. "ನಾ ಮಾಡ್ಕೊಂತೀನ್ರೀ" ಅಂದ, ಕ್ಯಾಮೆರಾಕ್ಕೆ.

ಚಾಪೆಯ ಮೇಲೆ ಅಷ್ಟು ಹೊತ್ತು ಕಲ್ಲಿನಂತೆ ಕುಳಿತಿದ್ದ ಭಾಗ್ಯಶ್ರೀ ತಲೆ ಎತ್ತಿದಳು.

"ಅದನ್ನ ಕೆಳಗಿಟ್ಟು ಮಾತಾಡ್ರಿ."

ಅವನು ಕ್ಯಾಮೆರಾವನ್ನು ಕಟ್ಟೆಯ ಮೇಲೆ ಇಟ್ಟ. ಕೈ ಎಲ್ಲಿಡಬೇಕು ಅಂತ ತಿಳಿಯದೆ ಎರಡೂ ಕೈ ಇಳಿಬಿಟ್ಟ. ಪಂಪಮ್ಮನ ಮುಖ ನೋಡಿ, ಈ ಸಲ ಎಲ್ಲರಿಗೂ ಕೇಳುವಂತೆ ಅಂದ: "ನಾ ಮಾಡ್ಕೊಂತೀನ್ರೀ ಅತ್ತಿ. ಮನಸ್ಸು ಇತ್ತು, ಬಾಯಿ ಇರಲಿಲ್ಲ. ಯಾರೂ ಬರಬಾರದಂತ ಬೇಕಂತ್ಲೇ ಕೆಟ್ಟ ಫೋಟೋ ತಗದೆ. ತಪ್ಪಾತು."

ಪಂಪಮ್ಮ ಅಳು ನಿಲ್ಲಿಸಿದಳು. ಕಣ್ಣೊರೆಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, ಅವಳೂ ನಮ್ಮ ಸೀಮೆಯವಳೇ ತಾನೇ, ಸಾವುಕಾರರಂತೆ ಅವಳಿಗೂ ಅದೇ ಕಣ್ಣು, ಅವನನ್ನು ಬಿಟ್ಟು ಅವನ ಹಿಂದಕ್ಕೆ ನೋಡಿದಳು. ಅಲ್ಲಿ ಬರೀ ಬಯಲಿತ್ತು.

"ಏನು ನೋಡಿ ಕೊಡ್ಲೋ ನಿನಗ? ಹೊಲ ಇಲ್ಲ. ಮನಿ ಇಲ್ಲ. ಅಪ್ಪ ಅವ್ವ ಇಲ್ಲ. ನಿನ್ನ ಹಿಂದ ಏನೈತಿ ಹೇಳು?"

ಚನ್ನು ತಾನೂ ಒಮ್ಮೆ ಹೊರಳಿ ತನ್ನ ಹಿಂದಿನ ಬಯಲು ನೋಡಿದ. ನಾನು ಬಯೋಡಾಟಾ ಬರೆದು ಪಳಗಿದವನು, ಎಂಥೆಂಥ ಬಯಲಿನಲ್ಲಿ ಎಂಥೆಂಥ ಮನೆ ಕಟ್ಟಿದವನು; ನನಗೂ ಒಂದು ಶಬ್ದ ಹೊಳೆಯಲಿಲ್ಲ.

ಭಾಗ್ಯಶ್ರೀ ಚಾಪೆಯಿಂದ ಎದ್ದಳು. ಸೀರೆಯ ನೆರಿಗೆ ಹಿಡಿದುಕೊಂಡು, ಬಾಗಿಲಲ್ಲಿ ನೆರೆದ ಅಷ್ಟೂ ಮಂದಿಯ ಎದುರು ಅಂಗಳ ದಾಟಿ, ಹೋಗಿ ಅವನ ಬೆನ್ನ ಹಿಂದೆ ನಿಂತಳು.

"ನಾ ಅದೀನಿ ನೋಡವ್ವ" ಅಂದಳು.